ತಾಮ್ರದ ಪಟ್ಟಿ ಕಪ್ಪಾಯಿತು, ಬಂದದ್ದು ಬರೀ ಹೈಡ್ರೋಜನ್. ತಪ್ಪೆಲ್ಲಿ?

ತುಮಕೂರು ರಿವೈಂಡಿಂಗ್ · ಶನಿವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಕೆಮಿಸ್ಟ್ರಿ ಓದಿದವನಲ್ಲ. ತುಮಕೂರಿನ ಬಿ.ಎಚ್. ರಸ್ತೆ ಪಕ್ಕ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಕರೆಂಟ್ ಕೊಟ್ಟು ಕಾರ್ಬನ್ ಡೈಆಕ್ಸೈಡನ್ನು ಇಂಧನ ಮಾಡುವುದು ಅವಳ ಪ್ರಾಜೆಕ್ಟ್. ತಾಮ್ರ ಬೇಕು ಅಂದಳು. ತಾಮ್ರ ಅಂದಮೇಲೆ ನಾನು ಸುಮ್ನೆ ಇರುತ್ತೇನಾ, ಕೈ ಹಾಕಿದೆ.

ಮಾಡಿದ್ದು ಇಷ್ಟು. ಗಾಜಿನ ಜಾರಿನಲ್ಲಿ ನೀರು, ಅದಕ್ಕೆ ಅಡುಗೆ ಸೋಡಾ. ಪಕ್ಕದ ವೆಲ್ಡಿಂಗ್ ಶಾಪಿನಿಂದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತಂದು ಪೈಪಿನಲ್ಲಿ ಗುಳ್ಳೆ ಬಿಟ್ಟೆವು. ತಾಮ್ರದ ಪಟ್ಟಿಯನ್ನು ಎಮೆರಿ ಪೇಪರ್‌ನಲ್ಲಿ ಕನ್ನಡಿ ಥರ ಉಜ್ಜಿ ಮೈನಸ್‌ಗೆ ಕೊಟ್ಟೆ. 4 ವೋಲ್ಟ್ ಡಿಸಿ. ಗುಳ್ಳೆ ಚೆನ್ನಾಗಿ ಬಂತು. ಟೆಸ್ಟ್ ಟ್ಯೂಬಿನಲ್ಲಿ ಹಿಡಿದು ಕಡ್ಡಿ ಗೀರಿದರೆ 'ಪಟ್' ಅಂತು. ಅವಳ ಗೈಡ್ ಕಾಲೇಜಿನಲ್ಲಿ ನೋಡಿ, 'ಇದು ಬರೀ ಹೈಡ್ರೋಜನ್, ಕಾರ್ಬನ್ನಿನದು ಏನೂ ಇಲ್ಲ' ಅಂದರಂತೆ. ಅರ್ಧ ಗಂಟೆಯಲ್ಲಿ ಪಟ್ಟಿ ಕಪ್ಪಾಗುತ್ತದೆ. ಎರಡು ವಾರದಿಂದ ಇದೇ ಕಥೆ. ಪುಸ್ತಕದಲ್ಲಿ ಮಾತ್ರ ತಾಮ್ರದಿಂದ ಮೀಥೇನ್, ಎಥಿಲೀನ್ ಬರುತ್ತದೆ ಅಂತ ಬರೆದಿದೆ. ನಮ್ಮ ತಾಮ್ರಕ್ಕೆ ಏನು ರೋಗ?

ಕೆಜಿಎಫ್ ಹುಡುಗಿ · ರಾತ್ರಿ 11:05

ಅಂಕಲ್, ನಾನು ಬೆಂಗಳೂರಿನಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ಪ್ರಶ್ನೆ. ಪ್ಲಸ್‌ಗೆ ಏನು ಕೊಟ್ಟಿದ್ದೀರಿ? ನೀರು ಎಲ್ಲಿಯದು? ನೀರಿನ ಬಣ್ಣ ಬದಲಾಗುತ್ತದಾ?

ತುಮಕೂರು ರಿವೈಂಡಿಂಗ್ · ರಾತ್ರಿ 11:12

ಪ್ಲಸ್‌ಗೆ ಸ್ಟೀಲ್ ಚಮಚದ ಹಿಡಿ. ಮದುವೆಯಲ್ಲಿ ಬಂದ ಸೆಟ್ಟು, ಒಳ್ಳೆಯ ಸ್ಟೀಲು. ನೀರು ಮೊದಲ ದಿನ ಬೋರ್‌ವೆಲ್‌ದು, ಆಮೇಲೆ ಬ್ಯಾಟರಿ ವಾಟರ್. ಹೌದು, ಕೊನೆಗೆ ನೀರು ತಿಳಿ ಹಳದಿ ಆಗುತ್ತದೆ. ನಿಮಗೆ ಹೇಗೆ ಗೊತ್ತಾಯಿತು?

ಕೆಜಿಎಫ್ ಹುಡುಗಿ · ರಾತ್ರಿ 11:40

ಕಳ್ಳ ಚಮಚವೇ ಅಂಕಲ್.

ಮೊದಲು ಒಂದು ಮಾತು. ಆ ಹಳದಿ ನೀರನ್ನು ಗಿಡಕ್ಕೆ, ಚರಂಡಿಗೆ ಸುರಿಯಬೇಡಿ. ಕೈಗೂ ತಾಗಿಸಬೇಡಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ. ಪ್ಲಸ್‌ಗೆ ಕೊಟ್ಟು ಜಾಸ್ತಿ ವೋಲ್ಟೇಜ್ ಹಾಕಿದರೆ ಅದು ಕರಗಿ ಕ್ರೋಮೇಟ್ ಆಗುತ್ತದೆ. ಹಳದಿ ಅದರದ್ದೇ, ಅದು ವಿಷ. ಡಬ್ಬಿಯಲ್ಲಿ ಮುಚ್ಚಿ, ಮಗಳ ಕಾಲೇಜಿನ ಲ್ಯಾಬಿನಲ್ಲಿ ತ್ಯಾಜ್ಯದ ಕ್ಯಾನಿಗೆ ಹಾಕಿಸಿ. ಹಾಗೇ, ನೀರಿಗೆ ಅಡುಗೆ ಉಪ್ಪು ಹಾಕುವ ಯೋಚನೆ ಬಂದರೆ ಬಿಡಿ. ಪ್ಲಸ್ ಕಡೆ ಕ್ಲೋರಿನ್ ಬರುತ್ತದೆ.

ಈಗ ರೋಗ. ಚಮಚದಿಂದ ಕ್ರೋಮಿಯಂ ಜೊತೆ ಕಬ್ಬಿಣ, ನಿಕ್ಕಲ್ ಕೂಡ ಕರಗುತ್ತವೆ. ಅವು ನೀರಿನಲ್ಲಿ ತೇಲಿ ಬಂದು ನಿಮ್ಮ ತಾಮ್ರದ ಮೇಲೆ ಕೂರುತ್ತವೆ. ಕಪ್ಪು ಅದೇ. ಕಬ್ಬಿಣ, ನಿಕ್ಕಲ್ ಎರಡಕ್ಕೂ ನೀರಿನಿಂದ ಹೈಡ್ರೋಜನ್ ತೆಗೆಯುವುದು ಬಲು ಸುಲಭದ ಕೆಲಸ. ಅಂದರೆ ಹತ್ತು ನಿಮಿಷದ ನಂತರ ನೀವು ಕರೆಂಟ್ ಕೊಡುತ್ತಿದ್ದದ್ದು ತಾಮ್ರಕ್ಕಲ್ಲ, ತಾಮ್ರಕ್ಕೆ ಹೊದಿಸಿದ ಕಬ್ಬಿಣಕ್ಕೆ. ಸಂಶೋಧಕರೂ ವರ್ಷಗಟ್ಟಲೆ ಇದರಲ್ಲಿ ಒದ್ದಾಡಿದ್ದಾರೆ. ದುಬಾರಿ ಪ್ಲಾಟಿನಂ ಪ್ಲಸ್‌ಗೆ ಕೊಟ್ಟವರಿಗೂ ಹೀಗೇ ಆಗಿದೆ. ಅದೂ ಚೂರುಚೂರು ಕರಗಿ ಇತ್ತ ಬಂದು ಕೂರುತ್ತದೆ. ಪ್ಲಾಟಿನಂ ಅಂತೂ ಹೈಡ್ರೋಜನ್ ತೆಗೆಯುವುದರಲ್ಲಿ ಎಲ್ಲರಿಗಿಂತ ಮುಂದು.

ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ನೀರಿನಲ್ಲಿ ನೈಟ್ರೇಟ್ ಇರುತ್ತದೆ. ಕರೆಂಟು ಅದನ್ನು ಅಮೋನಿಯಾ ಮಾಡಲು ಖರ್ಚಾಗುತ್ತದೆ.

ಹಳೇ ಲೈನ್‌ಮನ್ · ಭಾನುವಾರ, ಬೆಳಿಗ್ಗೆ 6:15

ಚಿಂತಾಮಣಿಯಿಂದ. ಮೂವತ್ತು ವರ್ಷ ಕಂಬ ಹತ್ತಿದವನ ಒಂದು ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಇಂಧನ ಸುಟ್ಟರೆ ಶಾಖ, ಕರೆಂಟು ಬಂದು ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ. ಅದಕ್ಕೇ ವಾಪಸ್ ಕರೆಂಟು ಕೊಟ್ಟು ಇಂಧನ ಮಾಡಿದರೆ, ಹಾಕಿದ್ದಕ್ಕಿಂತ ಜಾಸ್ತಿ ಬರುವುದು ಸಾಧ್ಯವೇ ಇಲ್ಲ ಅಲ್ವಾ? ಕರೆಂಟ್ ಇದ್ದರೆ ನೇರ ಮೋಟರ್ ಓಡಿಸಿ. ಮಜ್ಜಿಗೆಯನ್ನು ವಾಪಸ್ ಹಾಲು ಮಾಡುವ ಕೆಲಸ ಯಾಕೆ?

ಕೆಜಿಎಫ್ ಹುಡುಗಿ · ಬೆಳಿಗ್ಗೆ 9:30

ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಸ್ಕೂಟರ್, ಪಂಪ್‌ಸೆಟ್, ಬಸ್ಸಿಗೆ ಇದು ಬೇಡ. ತಂತಿ, ಬ್ಯಾಟರಿ ತಲುಪುವ ಕಡೆ ಅದೇ ಸರಿ. ಆದರೆ ದೂರ ಹಾರುವ ವಿಮಾನ, ಹಡಗು, ಪ್ಲಾಸ್ಟಿಕ್, ಬಣ್ಣ, ಔಷಧಿಗೆಲ್ಲ ಕಾರ್ಬನ್ ಬೇಕೇ ಬೇಕು. ಇವತ್ತು ಅದು ಕಚ್ಚಾ ಎಣ್ಣೆಯಿಂದ ಬರುತ್ತದೆ. ಆ ಜಾಗಕ್ಕೆ ಮಾತ್ರ ಈ ಕೆಲಸ. ಯಾರಾದರೂ 'ಹೊಗೆಯಿಂದ ಪುಕ್ಕಟೆ ಪೆಟ್ರೋಲ್' ಅಂತ ಬಂದರೆ ಬಾಗಿಲು ಹಾಕಿಕೊಳ್ಳಿ.

ಕಷ್ಟ ಎಲ್ಲಿದೆ ಅಂದರೆ, ಕಾರ್ಬನ್ ಡೈಆಕ್ಸೈಡ್ ಮಹಾ ಸೋಮಾರಿ. ನಡುವೆ ಕಾರ್ಬನ್, ಎರಡು ಬದಿಗೆ ಆಕ್ಸಿಜನ್, ಕಡ್ಡಿಯ ಹಾಗೆ ನೇರ. ಅದನ್ನು ಬಗ್ಗಿಸಿ ಮೊದಲ ಎಲೆಕ್ಟ್ರಾನ್ ಕೊಡುವುದೇ ದೊಡ್ಡ ಖರ್ಚು. ಬರಿ ನೀರಿನಲ್ಲಿ ಅದಕ್ಕೆ ಸುಮಾರು ಮೈನಸ್ 1.9 ವೋಲ್ಟ್ ಬೇಕು. ಆ ಬಗ್ಗಿದ ಸ್ಥಿತಿಯನ್ನು ಕೈಹಿಡಿದು ನಿಲ್ಲಿಸುವುದೇ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕೆಲಸ ಸುಲಭ ಮಾಡಿಕೊಡುವ ವಸ್ತುವಿನ ಕೆಲಸ. ಹಾಗೆ ಹಿಡಿದರೆ ವೋಲ್ಟೇಜ್ ಎಷ್ಟೋ ಕಡಿಮೆ ಸಾಕು.

ಯಾವ ಲೋಹ ಹೇಗೆ ಹಿಡಿಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಜಪಾನಿನ ಯೋಶಿಯೊ ಹೋರಿ 1980ರ ದಶಕದಲ್ಲಿ ಒಂದೊಂದೇ ಲೋಹ ಹಾಕಿ ನೋಡಿದರು. ನಮ್ಮೂರಿನ ಚಿನ್ನ ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಬೆಳ್ಳಿಯೂ ಅಷ್ಟೇ. ತವರ, ಸೀಸ ಹಾಕಿದರೆ ಫಾರ್ಮೇಟ್, ಅಂದರೆ ಇರುವೆ ಕಚ್ಚಿದಾಗ ಉರಿಯುವ ಆಮ್ಲದ ಉಪ್ಪು. ಪ್ಲಾಟಿನಂ, ಕಬ್ಬಿಣ, ನಿಕ್ಕಲ್ ಹಾಕಿದರೆ ಹೈಡ್ರೋಜನ್. ತಾಮ್ರ ಒಂದೇ ಒಂದು ಲೋಹ ಮೀಥೇನ್, ಎಥಿಲೀನ್, ಆಲ್ಕೋಹಾಲ್ ತನಕ ಗಣನೀಯವಾಗಿ ಕರೆದುಕೊಂಡು ಹೋಗುತ್ತದೆ.

ಯಾಕೆ? ಫಾರ್ಮೇಟಿನ ದಾರಿ ಬೇರೆ. ಮೀಥೇನ್, ಎಥಿಲೀನ್, ಆಲ್ಕೋಹಾಲ್ ಕಡೆಯ ದಾರಿ ಮೊದಲು ಕಾರ್ಬನ್ ಮಾನಾಕ್ಸೈಡ್ ಎಂಬ ಮೆಟ್ಟಿಲಿಗೆ ಬರುತ್ತದೆ. ಚಿನ್ನ ಅದನ್ನು ಸಡಿಲವಾಗಿ ಹಿಡಿಯುತ್ತದೆ, ಅದು ಜಾರಿ ಹೊರಟುಹೋಗುತ್ತದೆ. ಪ್ಲಾಟಿನಂ ಬಿಗಿಯಾಗಿ ಅಪ್ಪುತ್ತದೆ, ಜಾಗವೆಲ್ಲ ತುಂಬಿ ಮುಂದಿನ ಕೆಲಸವೇ ನಿಲ್ಲುತ್ತದೆ. ತಾಮ್ರಕ್ಕೆ ಮಾತ್ರ ಅದು ಬಾಯಲ್ಲಿಟ್ಟ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಹಾಗಾಗಿ ಅಲ್ಲೇ ಕೂರಿಸಿಕೊಂಡು ಹೈಡ್ರೋಜನ್ ಸೇರಿಸುತ್ತಾ, ಪಕ್ಕದ ಇನ್ನೊಂದು ಕಾರ್ಬನ್ ಜೊತೆ ಜೋಡಿಸುತ್ತಾ ಹೋಗುತ್ತದೆ.

ಆದರೆ ತಾಮ್ರಕ್ಕೆ ಒಂದೇ ಮನಸ್ಸಿಲ್ಲ. ಹದಿನೈದಕ್ಕೂ ಹೆಚ್ಚು ವಸ್ತು ಒಟ್ಟಿಗೆ ಮಾಡುತ್ತದೆ. 'ಡಿಸೈನ್' ಅಂದರೆ ಮುಖ್ಯವಾಗಿ ಅದಕ್ಕೆ ಒಂದೇ ಮನಸ್ಸು ಬರಿಸುವುದು. ತಾಮ್ರದ ಪರಮಾಣುಗಳು ಚೌಕವಾಗಿ ಕೂತ ಮೇಲ್ಮೈ ಎಥಿಲೀನ್ ಕಡೆ ವಾಲುತ್ತದೆ. ಜೇನುಗೂಡಿನ ಹಾಗೆ ಒತ್ತಾಗಿ ಕೂತರೆ ಮೀಥೇನ್ ಕಡೆ. ಲೋಹ ಅದೇ, ಕೂತ ರೀತಿ ಬೇರೆ. 2020ರಲ್ಲಿ ಕಂಪ್ಯೂಟರಿನಲ್ಲಿ ನೂರಾರು ಮಿಶ್ರಲೋಹ ಜಾಲಿಸಿ ತಾಮ್ರ-ಅಲ್ಯೂಮಿನಿಯಂ ಆರಿಸಿದರು. ಲ್ಯಾಬಿನಲ್ಲಿ ಶೇ. 80ರಷ್ಟು ಕರೆಂಟು ಎಥಿಲೀನಿಗೇ ಹೋಯಿತು. ಇನ್ನೊಂದು ಮಜಾ. ಗಟ್ಟಿ ನಿಕ್ಕಲ್ ಹೈಡ್ರೋಜನ್ ಮಾಡುತ್ತದೆ ಅಂದೆನಲ್ಲ, ಅದೇ ನಿಕ್ಕಲ್ಲಿನ ಒಂದೊಂದು ಪರಮಾಣುವನ್ನು ಬಿಡಿಬಿಡಿಯಾಗಿ, ನೈಟ್ರೋಜನ್ ಸೇರಿದ ಕಾರ್ಬನ್ನಿನಲ್ಲಿ ನೆಟ್ಟರೆ ಶೇ. 90ರ ಮೇಲೆ ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ಗುಂಪಿನಲ್ಲಿ ಪೋಕರಿ, ಒಬ್ಬನೇ ಇದ್ದರೆ ಸಭ್ಯ. ನಮ್ಮ ಹಾಸ್ಟೆಲ್ ಹುಡುಗರ ಹಾಗೆ.

ಶ್ರೀನಿವಾಸಪುರ ತೋಪು · ಬೆಳಿಗ್ಗೆ 10:10

ಎಥಿಲೀನ್ ಅಂದರೆ ಮಾವು ಹಣ್ಣು ಮಾಡುವ ಗ್ಯಾಸ್ ಅಲ್ವಾ ಅಕ್ಕ? ಕಾರ್ಬೈಡ್ ನಿಷೇಧ ಆದಮೇಲೆ ರೈಪನಿಂಗ್ ಚೇಂಬರಿನಲ್ಲಿ ಅದನ್ನೇ ಬಿಡುತ್ತಾರೆ. ಹಾಗಾದರೆ ಇಟ್ಟಿಗೆ ಗೂಡಿನ ಹೊಗೆಯಿಂದ ನಮ್ಮ ಬಾದಾಮಿ ಹಣ್ಣು ಮಾಡಬಹುದು!

ಕೆಜಿಎಫ್ ಹುಡುಗಿ · ಬೆಳಿಗ್ಗೆ 10:45

ಅದೇ ಗ್ಯಾಸ್, ತಮಾಷೆ ಅಲ್ಲ. ಚೇಂಬರಿನಲ್ಲಿ 100 ಪಿಪಿಎಂ ಮಿತಿ ಇದೆ, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಆದರೆ ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಬಂದರೆ ಮಾವಿಗಿಂತ ಮೊದಲು ನೀವು ಮಲಗುತ್ತೀರಿ. ಬೇರ್ಪಡಿಸದೆ ಮುಟ್ಟುವ ಹಾಗಿಲ್ಲ.

ಲೈನ್‌ಮನ್ ಸರ್‌ಗೆ ಲೆಕ್ಕ ಬೇಕಿರುತ್ತದೆ. ಒಂದು ಎಥಿಲೀನ್ ಅಣುವಿಗೆ 12 ಎಲೆಕ್ಟ್ರಾನ್. ಸೆಲ್, ಅಂದರೆ ಪ್ಲಸ್, ಮೈನಸ್ ಇರುವ ಇಡೀ ಜಾರು, 3 ವೋಲ್ಟಿನಲ್ಲಿ ಓಡಿ, ಶೇ. 60 ಕರೆಂಟು ಎಥಿಲೀನಿಗೆ ಹೋಯಿತು ಅಂದುಕೊಳ್ಳಿ. 1 ಕೆಜಿಗೆ ಸುಮಾರು 57 ಯೂನಿಟ್ ಬೇಕು. ಅದನ್ನು ಸುಟ್ಟರೆ ಸಿಗುವ ಶಾಖ ಸುಮಾರು 14 ಯೂನಿಟ್‌ನಷ್ಟು.

ಹಳೇ ಲೈನ್‌ಮನ್ · ಬೆಳಿಗ್ಗೆ 11:00

57 ಹಾಕಿ 14 ತೆಗೆಯುವುದು. ನಮ್ಮ ಕಾಲದ ಹಳ್ಳಿ ಲೈನ್ ಲಾಸೇ ವಾಸಿ. ಲೆಕ್ಕ ಮುಚ್ಚಿಡದೆ ಹೇಳಿದ್ದೀರಿ, ಅದಕ್ಕೆ ಸಂತೋಷ.

ತಿರುಮಣಿ ಬಿಸಿಲು · ಮಧ್ಯಾಹ್ನ 1:20

ಪಾವಗಡದಿಂದ. ನಮ್ಮ ಜಮೀನು ಸೋಲಾರ್ ಪಾರ್ಕಿಗೆ ಲೀಸ್ ಕೊಟ್ಟಿದ್ದೇವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದದ್ದು. 13,000 ಎಕರೆ, 2,050 ಮೆಗಾವ್ಯಾಟ್. ಕರೆಂಟೆಲ್ಲ ತಂತಿ ಹತ್ತಿ ಹೋಗುತ್ತದೆ. ಊರಿನ ಹುಡುಗರಿಗೆ ಪ್ಯಾನಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಸೆಕ್ಯೂರಿಟಿ, ಇಷ್ಟೇ ಕೆಲಸ. ಮಧ್ಯಾಹ್ನದ ಬಿಸಿಲಲ್ಲಿ ಇಲ್ಲೇ ಇಂಥ ಒಂದು ಘಟಕ ಹಾಕಿದರೆ ಆಗುವುದಿಲ್ಲವಾ?

ಹಳೇ ಲೈನ್‌ಮನ್ · ಮಧ್ಯಾಹ್ನ 2:05

1902ರಲ್ಲಿ ಶಿವನಸಮುದ್ರದ ಕರೆಂಟನ್ನು ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರ ಚಿನ್ನದ ಗಣಿಗೆ ಕೊಟ್ಟರು. ಕರೆಂಟು ಹುಟ್ಟಿದ ಊರಿಗಿಂತ ದುಡ್ಡಿರುವ ಊರಿಗೆ ಮೊದಲು ಹೋಗುವುದು ಇವತ್ತಿನ ಮಾತಲ್ಲ ತಮ್ಮಾ.

ಕೆಜಿಎಫ್ ಹುಡುಗಿ · ಸಂಜೆ 5:30

ಅದೇ ಗಣಿಯಲ್ಲಿ ನಮ್ಮ ತಾತ ಕೆಲಸ ಮಾಡಿದ್ದು. 2001ರಲ್ಲಿ ಮುಚ್ಚಿತು.

ತಿರುಮಣಿ ಅಣ್ಣ, ನಿಮ್ಮ ಆಸೆ ಅರ್ಥವಾಗುತ್ತದೆ. ಎರಡು ತೊಡಕು ಹೇಳುತ್ತೇನೆ. ಬಿಸಿಲು ದಿನಕ್ಕೆ ಐದಾರು ಗಂಟೆ ಗಟ್ಟಿಯಾಗಿ ಸಿಗುತ್ತದೆ. ಉಳಿದ ಹೊತ್ತು ಕೋಟಿಗಟ್ಟಲೆಯ ಯಂತ್ರ ಸುಮ್ನೆ ಕೂರುತ್ತದೆ. ಜೊತೆಗೆ ಕರೆಂಟು ನಿಂತ ತಕ್ಷಣ ತಾಮ್ರ ಆಕ್ಸೈಡ್ ಆಗಲು ಶುರುವಾಗುತ್ತದೆ. ಮರುದಿನ ಹಾಕಿದಾಗ ಮೇಲ್ಮೈ ಬೇರೆ ಥರ ಕೂತಿರುತ್ತದೆ. ನಾವು ಕಷ್ಟಪಟ್ಟು ಜೋಡಿಸಿದ ಚೌಕ ಹೋಗಿರುತ್ತದೆ.

ಎರಡನೆಯದು, ಪಾವಗಡದಲ್ಲಿ ಬಿಸಿಲಿದೆ, ಹೊಗೆ ಎಲ್ಲಿದೆ? ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಸಾವಿರಕ್ಕೆ ನಾಲ್ಕು ಪಾಲು ಚಿಲ್ಲರೆ ಅಷ್ಟೇ. ಅದನ್ನು ಹಿಡಿದು ಸಾಂದ್ರ ಮಾಡುವುದೇ ಬೇರೆ ಕಾರ್ಖಾನೆಯ ಕೆಲಸ.

ಇವತ್ತಿಗೆ ಮುಂದಿರುವ ದಾರಿ ಬೇರೆ. ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡುವುದು. ಆಮೇಲೆ ಅದನ್ನು ಕಾರ್ಬನ್ ಡೈಆಕ್ಸೈಡ್ ಜೊತೆ ತಾಮ್ರ-ಸತುವಿನ ಕ್ಯಾಟಲಿಸ್ಟ್ ಮೇಲೆ ಬಿಸಿ ಮಾಡಿ, ಒತ್ತಡ ಕೊಟ್ಟು ಮೆಥನಾಲ್ ಮಾಡುವುದು. ಐಸ್‌ಲ್ಯಾಂಡಿನ ಸ್ವಾರ್ಟ್‌ಸೆಂಗಿಯಲ್ಲಿ 2012ರಲ್ಲೇ ಇಂಥ ಘಟಕ ಶುರುವಾಯಿತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ 'ಬ್ರೀತ್' ತಂಡ ಕಾರ್ಬನ್ ಡೈಆಕ್ಸೈಡಿನಿಂದ ಮೆಥನಾಲ್ ಮಾಡುವ ಕೆಲಸಕ್ಕೇ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಕೊನೆಯ ಸುತ್ತಿಗೆ ಹೋಗಿತ್ತು. ನನ್ನ ವಿಷಯದ ಎದುರಾಳಿ ದಾರಿ ಇದು. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಮಾಲೂರು ಗೂಡು · ಸಂಜೆ 6:15

ಹೊಗೆ ಬೇಕಾದರೆ ಮಾಲೂರಿಗೆ ಬನ್ನಿ. ಇಟ್ಟಿಗೆ ಗೂಡಿನದು ಬೇಕಾದಷ್ಟಿದೆ. ಪೈಪ್ ಹಾಕಿ ಜಾರಿಗೆ ಬಿಟ್ಟರೆ ಸಾಕಾ?

ಕೆಜಿಎಫ್ ಹುಡುಗಿ · ಸಂಜೆ 6:50

ಅಷ್ಟು ಸುಲಭ ಇದ್ದಿದ್ದರೆ ನನ್ನ ಪಿಎಚ್‌ಡಿ ಮುಗಿದು ಎರಡು ವರ್ಷ ಆಗಿರುತ್ತಿತ್ತು ಅಣ್ಣ. ಗೂಡಿನ ಹೊಗೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್. ಉಳಿದ ಆಕ್ಸಿಜನ್ ಮೊದಲು ಕರೆಂಟು ನುಂಗುತ್ತದೆ. ಕಲ್ಲಿದ್ದಲಿನ ಗಂಧಕ ತಾಮ್ರಕ್ಕೆ ಅಂಟಿಕೊಂಡರೆ ಅದರ ಗುಣವೇ ಬದಲು. ಎಥಿಲೀನ್ ಮಾಡುತ್ತಿದ್ದದ್ದು ಫಾರ್ಮೇಟ್ ಮಾಡಲು ಶುರು ಮಾಡುತ್ತದೆ. ಮೇಲೆ ಬೂದಿ ಬೇರೆ.

ಶುದ್ಧ ಗ್ಯಾಸ್ ಕೊಟ್ಟರೂ ನೀರಿನಲ್ಲಿ ಅದು ಕರಗುವುದು ಲೀಟರಿಗೆ ಒಂದೂವರೆ ಗ್ರಾಂ ಅಷ್ಟೇ. ತಾಮ್ರ ಕಾಯುತ್ತಾ ಕೂರುತ್ತದೆ, ಆ ಬಿಡುವಿನಲ್ಲಿ ನೀರು ನುಗ್ಗಿ ಹೈಡ್ರೋಜನ್ ಆಗುತ್ತದೆ. ಅದಕ್ಕೆ ಈಗೆಲ್ಲ ತೂತುತೂತಾದ ಕಾರ್ಬನ್ ಹಾಳೆ ಬಳಸುತ್ತೇವೆ. ಒಂದು ಬದಿ ಗ್ಯಾಸು, ಇನ್ನೊಂದು ಬದಿ ನೀರು, ನಡುವೆ ಕ್ಯಾಟಲಿಸ್ಟ್. ಹಾಳೆಗೆ ರೇನ್‌ಕೋಟ್ ಥರ ಟೆಫ್ಲಾನ್ ಬಳಿದಿರುತ್ತಾರೆ. ಕರೆಂಟು ಹತ್ತು ಪಟ್ಟು ಏರುತ್ತದೆ.

ಆಗ ಹೊಸ ಪೀಡೆ. ತಾಮ್ರದ ಪಕ್ಕದ ನೀರು ಕ್ಷಾರವಾಗುತ್ತದೆ. ಬಂದ ಗ್ಯಾಸಿನ ದೊಡ್ಡ ಪಾಲು ಇಂಧನವಾಗುವ ಬದಲು ಆ ಕ್ಷಾರದ ಜೊತೆ ಸೇರಿ ಕಾರ್ಬೊನೇಟ್ ಆಗುತ್ತದೆ. ಅದು ಹಾಳೆಯ ತೂತಿನಲ್ಲಿ ಬೆಳ್ಳಗೆ ಕೂರುತ್ತದೆ. ನೋಡಲು ಥೇಟ್ ನಮ್ಮ ಕೋಲಾರದ ಗೀಸರ್ ಕಾಯಿಲ್. ತೂತು ಮುಚ್ಚಿದರೆ ಕಥೆ ಮುಗಿಯಿತು. ಎಥಿಲೀನ್ ಮಾಡುವ ಮಾಮೂಲಿ ಸೆಲ್ಲಿನಲ್ಲಿ ಈ ಕಾರಣಕ್ಕೇ ಒಳಗೆ ಬಿಟ್ಟ ಗ್ಯಾಸಿನ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಎಥಿಲೀನ್ ಆಗಲಾರದು. ಕ್ಯಾಟಲಿಸ್ಟ್ ಬಗ್ಗೆ ಸಾವಿರ ಪ್ರಬಂಧ ಬರುತ್ತವೆ, ಈ ಉಪ್ಪಿನ ಬಗ್ಗೆ ಕಡಿಮೆ. ನನ್ನನ್ನು ಕೇಳಿದರೆ ಒಳ್ಳೆಯ ಕ್ಯಾಟಲಿಸ್ಟ್‌ಗಳು ಈಗಲೇ ಇವೆ. ಅವು ಬಾಳುವ ಮನೆ ಇಲ್ಲ.

ತುಮಕೂರು ರಿವೈಂಡಿಂಗ್ · ರಾತ್ರಿ 9:00

ನೀವೆಲ್ಲ ಪಾವಗಡ, ಐಸ್‌ಲ್ಯಾಂಡ್ ಸುತ್ತಿ ಬಂದಿರಿ. ನನ್ನ ಮಗಳ ಸಬ್‌ಮಿಷನ್ ಮುಂದಿನ ತಿಂಗಳು ಮಾರಾಯ್ರೇ. ಕಾಲೇಜಿನಲ್ಲಿ ಗ್ಯಾಸ್ ಅಳೆಯುವ ಯಂತ್ರ ಕೆಟ್ಟು ಕೂತಿದೆ. ನಮ್ಮ ಕೈಲಾಗುವುದು ಏನಾದರೂ ಹೇಳಮ್ಮ.

ಕೆಜಿಎಫ್ ಹುಡುಗಿ · ರಾತ್ರಿ 9:50

ಕ್ಷಮಿಸಿ ಅಂಕಲ್. ತಾಮ್ರ ಬಿಡಿ, ಯಂತ್ರ ಇಲ್ಲದೆ ಅದರ ಗ್ಯಾಸು ಗೊತ್ತಾಗುವುದಿಲ್ಲ. ತವರ ಹಿಡಿಯಿರಿ. ಫಾರ್ಮೇಟ್ ನೀರಿನಲ್ಲೇ ಉಳಿಯುತ್ತದೆ, ಪರೀಕ್ಷೆ ಸುಲಭ. ತವರ ಎಲ್ಲಿ ಸಿಗುತ್ತದೆ ಅಂತ ಹುಡುಕಬೇಡಿ. ತಾಮ್ರದ ಪಟ್ಟಿಗೆ ಕಲಾಯಿ ಹಾಕಿಸಿ! ಕಲಾಯಿ ಅಂದರೆ ತವರವೇ. ಅದರಲ್ಲಿ ಸೀಸ ಬೆರೆಸಿದ್ದರೆ ಪಾತ್ರೆಗೆ ಅನಾಹುತ, ನಿಮ್ಮ ಪ್ರಯೋಗ ಮಾತ್ರ ಕೆಡುವುದಿಲ್ಲ. ಸೀಸವೂ ಫಾರ್ಮೇಟನ್ನೇ ಕೊಡುತ್ತದೆ. ಆದರೆ ಆಮೇಲೆ ಕೈ ತೊಳೆಯಿರಿ.

ಪ್ಲಸ್‌ಗೆ ಗ್ರಾಫೈಟ್ ಕಡ್ಡಿ. ಪ್ಲಸ್, ಮೈನಸ್ ಒಂದೇ ನೀರಿನಲ್ಲಿ ಬೇಡ. ಇತ್ತ ಆದ ಫಾರ್ಮೇಟ್ ಅತ್ತ ಹೋಗಿ ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ. ನಡುವೆ ನೀರು ಒಸರುವಂಥ ಒಂದು ಗೋಡೆ ಬೇಕು. ಕರೆಂಟು 50 ಮಿಲಿಆಂಪಿಯರ್, 3 ಗಂಟೆ. ಪೂರ್ತಿ ಕರೆಂಟು ಅದಕ್ಕೇ ಹೋದರೆ 0.13 ಗ್ರಾಂ ಫಾರ್ಮಿಕ್ ಆಮ್ಲಕ್ಕೆ ಸಮ. ಅರ್ಧ ಬಂದರೂ ಸಾಕು. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಗುಲಾಬಿ ನೀರು ಎರಡು ಹನಿ ಹಾಕಿ. ಫಾರ್ಮೇಟ್ ಇದ್ದರೆ ಗುಲಾಬಿ ಹೋಗಿ ಕಂದು ಬರುತ್ತದೆ.

ಇಲ್ಲಿ ಎಚ್ಚರ. ಕೊಳೆ ಇದ್ದರೂ ಕಂದು ಬರುತ್ತದೆ. ಅದಕ್ಕೆ ಇನ್ನೂ ಎರಡು ಜಾರು ಕಡ್ಡಾಯ. ಒಂದಕ್ಕೆ ಎಲ್ಲ ಹಾಕಿ, ಕರೆಂಟು ಮಾತ್ರ ಬೇಡ. ಇನ್ನೊಂದಕ್ಕೆ ಕರೆಂಟು ಕೊಡಿ, ಕಾರ್ಬನ್ ಡೈಆಕ್ಸೈಡ್ ಬದಲು ಆರ್ಗಾನ್. ವೆಲ್ಡಿಂಗ್ ಶಾಪಿನಲ್ಲಿ ಅದೂ ಇರುತ್ತದೆ. ನನ್ನ ಕಥೆ ಕೇಳಿ. ಕೊರೋನಾ ಮುಗಿದ ಹೊಸತು. ನನ್ನ ಸ್ಯಾಂಪಲ್ಲಿನಲ್ಲಿ ಎಥನಾಲ್ ಬಂತು ಅಂತ ಕುಣಿದಾಡಿದೆ, ಅಮ್ಮನಿಗೂ ಫೋನ್ ಮಾಡಿದೆ. ಗುರುತು ಸಿಗಲಿ ಅಂತ ಭಾರವಾದ ಕಾರ್ಬನ್-13 ಇರುವ ಕಾರ್ಬನ್ ಡೈಆಕ್ಸೈಡ್ ಹಾಕಿ ನೋಡಿದರೆ, ಬಂದ ಎಥನಾಲಿನಲ್ಲಿ ಭಾರದ ಕಾರ್ಬನ್ ಒಂದು ಚೂರೂ ಇಲ್ಲ. ಅದು ಎಲ್ಲಿಂದ ಬಂತು ಗೊತ್ತಾ? ನನ್ನ ಕೈಯ ಸ್ಯಾನಿಟೈಸರ್.

ಮಾಲೂರು ಗೂಡು · ರಾತ್ರಿ 10:05

ನೀರು ಒಸರುವ ಗೋಡೆ ಅಂದರೆ ಮಣ್ಣಿನ ಕುಡಿಕೆ ಆಗುತ್ತದಾ? ಬಣ್ಣ ಹಾಕದ್ದು. ನಮ್ಮ ಗೂಡಿನ ಪಕ್ಕದವರು ಮಾಡುತ್ತಾರೆ. ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ.

ಕೆಜಿಎಫ್ ಹುಡುಗಿ · ರಾತ್ರಿ 10:11

ಆಗುತ್ತದೆ ಅಣ್ಣ! ಹಳೆಯ ಕಾಲದ ಬ್ಯಾಟರಿಗಳಲ್ಲಿ ಇದ್ದದ್ದು ಅದೇ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಹಾಗಾಗಿ ಎರಡು ದಿನ ಡಿಸ್ಟಿಲ್ಡ್ ನೀರು ಬದಲಾಯಿಸುತ್ತಾ ನೆನೆಹಾಕಿ. ಗ್ರಾಫೈಟ್ ಕಡ್ಡಿ ಕುಡಿಕೆಯ ಒಳಗಿರಲಿ.

ತುಮಕೂರು ರಿವೈಂಡಿಂಗ್ · ಒಂಬತ್ತು ದಿನದ ನಂತರ, ರಾತ್ರಿ 8:40

ವರದಿ ಒಪ್ಪಿಸುತ್ತೇನೆ.

ಕಲಾಯಿಯವರು ಸಿಗುವುದೇ ಕಷ್ಟವಾಯಿತು. ಹಳೇ ಪೇಟೆ ಕಡೆ ಒಬ್ಬ ಸಾಹೇಬರು ಸಿಕ್ಕರು, ಎಪ್ಪತ್ತರ ಮೇಲೆ ವಯಸ್ಸು. ಬೆರಳಗಲದ ಪಟ್ಟಿ ನೋಡಿ 'ಇದ್ಯಾವ ಪಾತ್ರೆ?' ಅಂದರು. ತಿದಿ ಒತ್ತಿ ಇದ್ದಿಲು ಕೆಂಪು ಮಾಡಿದರು. ಇಕ್ಕಳದಲ್ಲಿ ಪಟ್ಟಿ ಹಿಡಿದು ನವಸಾಗರ ಉದುರಿಸಿದರು, ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದೇ ಸಲ ಎಳೆದರು. ಕೆಂಪು ಪಟ್ಟಿ ಬೆಳ್ಳಿ ಆಯಿತು. ನಾನು ಮೂವತ್ತು ವರ್ಷದಿಂದ ಸಾಲ್ಡರ್ ಹಾಕುತ್ತೇನೆ, ಇಷ್ಟು ಸಮ ನನ್ನ ಕೈಲಿ ಬಂದಿಲ್ಲ.

ಕುಡಿಕೆ ನೆನೆಸಿದ್ದಾಯಿತು. ಮಗಳು ಈ ಸಲ ನನ್ನನ್ನು ಜಾರು ಮುಟ್ಟಲು ಬಿಡಲಿಲ್ಲ. 3 ಗಂಟೆ ಓಡಿಸಿದೆವು. ಪಟ್ಟಿ ಕಪ್ಪಾಗಲಿಲ್ಲ, ಸ್ವಲ್ಪ ಮಂಕಾಯಿತು ಅಷ್ಟೇ. ಗುಲಾಬಿ ನೀರು ಹಾಕಿದಳು. ಕರೆಂಟು ಕೊಡದ ಜಾರು ಗುಲಾಬಿಯಾಗೇ ಉಳಿಯಿತು. ಕಾರ್ಬನ್ ಡೈಆಕ್ಸೈಡ್ ಬಿಟ್ಟದ್ದು ಕೆಲವೇ ನಿಮಿಷದಲ್ಲಿ ಚಹಾ ಬಣ್ಣಕ್ಕೆ ತಿರುಗಿತು. ಅವಳ ಮುಖ ನೋಡಬೇಕಿತ್ತು. ಆದರೆ ಆರ್ಗಾನ್ ಜಾರು ಕೂಡ ತಡವಾಗಿ, ಸ್ವಲ್ಪ ಕಂದಾಯಿತು. ಈಗ ಅಳುವ ಹಾಗೆ ಕೂತಿದ್ದಾಳೆ.

ಕೆಜಿಎಫ್ ಹುಡುಗಿ · ರಾತ್ರಿ 8:55

ಅಳಬೇಡ ಅನ್ನಿ! ತಪ್ಪು ನನ್ನದು, ಹೇಳಲು ಮರೆತೆ. ಆರ್ಗಾನ್ ಜಾರಿಗೂ ಅಡುಗೆ ಸೋಡಾ ಹಾಕಿದ್ದೀರಿ ಅಲ್ವಾ? ಸೋಡಾ ಅಂದರೆ ಬೈಕಾರ್ಬೊನೇಟ್. ಅದು ತಾನೇ ಸ್ವಲ್ಪ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಡುತ್ತದೆ. ತವರ ಅದನ್ನೂ ಬಿಡುವುದಿಲ್ಲ. ಆ ಜಾರಿಗೆ ಸೋಡಾ ಬದಲು ಸೋಡಿಯಂ ಸಲ್ಫೇಟ್ ಹಾಕಿ ಇನ್ನೊಮ್ಮೆ ನೋಡಲಿ.

ತುಮಕೂರು ರಿವೈಂಡಿಂಗ್ · ಮೂರು ದಿನದ ನಂತರ, ಸಂಜೆ 7:10

ಸಲ್ಫೇಟ್ ಜಾರು ರಾತ್ರಿವರೆಗೂ ಗುಲಾಬಿ. ಗೈಡ್ ಬಂದು ನೋಡಿದರು. 'ಬಣ್ಣ ಸಾಲದು, ಎಷ್ಟು ಮಿಲಿಗ್ರಾಂ ಅಂತ ಬೇಕು' ಅಂದಿದ್ದಾರೆ. ಸೋಮವಾರದಿಂದ ಟೈಟ್ರೇಷನ್. ಅದಕ್ಕೆ ಇನ್ನೂ ನಾಲ್ಕು ಪಟ್ಟಿ ಬೇಕು ಅಂತ ಸಾಹೇಬರ ಹತ್ತಿರ ಹೋಗಿದ್ದೆ. ದುಡ್ಡು ಬೇಡ ಅಂದರು. ಕಲಾಯಿ ಮೇಲೆ ಇರುವೆಯ ಆಮ್ಲ ಹೇಗೆ ಹುಟ್ಟುತ್ತದೆ ಅಂತ ಮಗಳೇ ಬಂದು ಹೇಳಬೇಕಂತೆ.